ನಂದಾದೀಪದ ಒಲೆಗಳು

ಈ ಕಥೆಯನ್ನು ಮೊದಲು ಹೇಳಿದವಳು ಸಂಗವ್ವ. ನಾಗರಪಂಚಮಿಯ ಮರುದಿನ, ಮಧ್ಯಾಹ್ನದ ಊಟವಾದ ಮೇಲೆ, ಬಾಣಂತಿಯೊಬ್ಬಳ ಆರೈಕೆಗೆಂದು ತಾನು ಬರುತ್ತಿದ್ದ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ಕಾರು ನಿಲ್ಲಿಸುವ ಜಾಗದ ನೆರಳಿನಲ್ಲಿ ಕುಳಿತು ಹೇಳಿದಳು. ಕೇಳಿದವರು ಅದೇ ಕಟ್ಟಡದ ಕೆಲವು ಹೆಂಗಸರು, ಮತ್ತು ಬಾಣಂತಿಯ ಮನೆಗೆ ತೊಟ್ಟಿಲ ಹಾಡು ಬರೆದುಕೊಳ್ಳಲು ಹೋಗಿದ್ದ ನಾನು. ಆಮೇಲೆ ಇದೇ ಕಥೆಯನ್ನು ಬೇರೆ ಮೂವರ ಬಾಯಲ್ಲಿ ಕೇಳಿದ್ದೇನೆ. ಅವರು ಬೆರೆಸಿದ ಬೆಲ್ಲವನ್ನು ತೆಗೆದಿಟ್ಟು, ಸಂಗವ್ವನ ಬಾಯಿಂದ ಬಂದದ್ದನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ.

ನಾವು ಕುಳಿತಿದ್ದ ಆ ಊರಿನಲ್ಲಿ, ಒಂದು ಸೂರಿನಡಿ ಸಾಕಿದ ಪ್ರಾಣಿಗಳೆಲ್ಲ ಬೆಳಿಗ್ಗೆ ಬಾಯಿ ಮುಟ್ಟಿಸುವವರೆಗೆ ಆ ಸೂರಿನಡಿ ಒಲೆ ಹೊತ್ತುವುದಿಲ್ಲ. ಬೀದಿಯಲ್ಲಿ ಗೀರಿದ ಕಡ್ಡಿ ಉರಿಯುತ್ತದೆ. ಅದನ್ನೇ ಹೊಸಿಲು ದಾಟಿಸಿದರೆ ಆರುತ್ತದೆ. ಗ್ಯಾಸು ಬುಸುಗುಟ್ಟುತ್ತದೆ, ಕರೆಂಟಿನ ಒಲೆ ತೊಳೆದಿಟ್ಟ ಕಲ್ಲಿನಂತೆ ತಣ್ಣಗೆ ಕುಳಿತಿರುತ್ತದೆ. ಹಿಂದೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಒಂದು ಮನೆ, ಒಂದು ಎಮ್ಮೆ, ಒಂದು ಬೆಕ್ಕು. ಹುಲ್ಲು ಹಾಕಿ, ಹಾಲು ಸುರಿದು, ಒಲೆಯ ಮುಂದೆ ಕುಳಿತರೆ ಆಯಿತು. ಕಟ್ಟಡಗಳು ಎದ್ದ ಮೇಲೆ ಕಷ್ಟ ಶುರುವಾಯಿತು. ಐದು ಮಹಡಿಗಳ ಮೇಲೆ ಸೂರು ಒಂದೇ. ಮೂರನೆಯ ಮಹಡಿಯ ಗಿಳಿಗೆ ಹೊಟ್ಟೆ ಸರಿಯಿಲ್ಲದಿದ್ದರೆ ಕೆಳಗಿನ ಮಹಡಿಯ ಕೂಸಿಗೆ ಹಾಲು ಕಾಯುವುದಿಲ್ಲ.

ಜನ ಹೊಂದಿಕೊಂಡರು. ಆಮೆ ಸಾಕಿದವರು ಸೂರ್ಯ ಹುಟ್ಟುವ ಮೊದಲೇ ಸೊಪ್ಪು ಹಿಡಿದು ಕೂರುವುದನ್ನು ಕಲಿತರು. ಎರಡು ಮನೆಯಲ್ಲಿ ಉಣ್ಣುವ ಬೆಕ್ಕು ಯಾವ ಮನೆಯ ಲೆಕ್ಕಕ್ಕೆ ಸೇರಬೇಕೆಂದು ಸಭೆ ಸೇರಿತು. ನಂದಾದೀಪ ಎಂಬ ಹೆಸರಿನ ಅಪಾರ್ಟ್‌ಮೆಂಟಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಗೋಡೆಯ ಹಲ್ಲಿಗೆ ಹೆಸರಿಟ್ಟು ಕರೆದುಬಿಟ್ಟಳಂತೆ. ಅದು ನೊಣ ಹಿಡಿಯುವವರೆಗೆ ಇಡೀ ಕಟ್ಟಡದವರು ಅವರ ಮನೆಯ ಹಜಾರದಲ್ಲಿ ಕತ್ತೆತ್ತಿ ನಿಂತಿದ್ದರಂತೆ. ಅಂದಿನಿಂದ ಅಲ್ಲಿ ಅಸೋಸಿಯೇಷನ್ನಿನ ಒಪ್ಪಿಗೆಯಿಲ್ಲದೆ ಯಾವ ಪ್ರಾಣಿಗೂ ಹೆಸರಿಡುವಂತಿಲ್ಲ.

ಅದೇ ನಂದಾದೀಪದ ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡು ಇತ್ತು. ಮನೆ, ಪ್ರಾಣಿ, ಉಣಿಸುವ ಹೊತ್ತು, ಅಡ್ಡಾಡಿಸುವ ಹೊತ್ತು, ಮಲಗಿಸುವ ಹೊತ್ತು, ಎಲ್ಲವನ್ನೂ ಬಸ್‌ನಿಲ್ದಾಣದ ವೇಳಾಪಟ್ಟಿಯಂತೆ ಗೆರೆ ಹಾಕಿ ಬರೆದಿತ್ತು. ಕೆಳಗೆ ಕೆಂಪಕ್ಷರದಲ್ಲಿ, ಪ್ರಾಣಿ ಉಣ್ಣುವಾಗ ಮನೆಯವರು ದೂರ ನಿಲ್ಲತಕ್ಕದ್ದು, ಅದರ ಮುಂದೆ ಬಾಯಾಡಿಸತಕ್ಕದ್ದಲ್ಲ, ಎಂದಿತ್ತು. ಇದು ಅಸೋಸಿಯೇಷನ್ ಮಾಡಿದ ಕಟ್ಟಳೆಯೂ ಅಲ್ಲ. ಆ ಊರಿನವರ ರಕ್ತದಲ್ಲೇ ಇರುವ ಅಂಜಿಕೆ. ಒಲೆ ಹೊತ್ತದ ಮನೆಯಲ್ಲಿ ಒಣ ಅವಲಕ್ಕಿಯನ್ನೂ ಅವರು ಬಾಯಿಗೆ ಹಾಕುವುದಿಲ್ಲ. ಬೋರ್ಡನ್ನು ಬರೆದವನು ಎರಡನೆಯ ಮಹಡಿಯ ಮಲಕಾಜಪ್ಪ. ಬಸ್ಸುಗಳ ಹಣೆಗೆ ಊರುಗಳ ಹೆಸರು ಬರೆಯುವುದು ಅವನ ಕಸುಬು. ಮದುವೆಯಾಗಿರಲಿಲ್ಲ. ಢೋಲ್ಯಾ ಎಂಬ ಕಂದು ನಾಯಿಯೊಂದಿಗೆ ಒಬ್ಬನೇ ಇದ್ದ. ಅವನ ಒಡಹುಟ್ಟಿದ ತಂಗಿಯೇ ಸಂಗವ್ವ. ಅವಳು ಇದ್ದದ್ದು ಬೇರೆ ಊರಿನಲ್ಲಿ; ಅಲ್ಲಿ ಒಲೆ ಯಾರನ್ನೂ ಕಾಯುವುದಿಲ್ಲ.

ಮಲಕಾಜಪ್ಪ ಸತ್ತ ಸುದ್ದಿ ಕಟ್ಟಡಕ್ಕೆ ಹೇಗೆ ತಿಳಿಯಿತೆಂಬುದನ್ನು ಸಂಗವ್ವ ಹೇಳಿದ ರೀತಿಯಲ್ಲೇ ಹೇಳಬೇಕು. “ಒಂದಿನಾ ಮುಂಜಾನಿ ಯಾರ ಒಲೀನೂ ಹತ್ತಲಿಲ್ಲಂತ. ಮ್ಯಾಲಿಂದ ಕೆಳಗ ಒದರಿದ್ರಂತ, ಯಾರ ಮನೀದು ಉಂಡಿಲ್ಲೋ, ಯಾರ ಮನೀದು ಉಂಡಿಲ್ಲೋ, ಅಂತ. ಬಾಗಲಾ ಬಾಗಲಾ ಬಡಕೋತ ಬಂದ್ರಂತ. ನಮ್ಮಣ್ಣನ ಬಾಗಲಾ ತಗೀಲಿಲ್ಲ. ಮುರದು ಒಳಗ ಹೋದ್ರ, ಹಾಸಿಗ್ಯಾಗ ಅಂವಾ ತಣ್ಣಗ ಮಲಗ್ಯಾನ, ಕಾಲಾಗ ನಾಯಿ ಕುಂತದ. ಒಳಗ ಹೋದವರು ಮೊದಲು ಏನ್ ಮಾಡಿದ್ರು ಹೇಳ್ರಿ ನೋಡೋಣು?” ಕೇಳುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಡಾಕ್ಟರನ್ನು ಕರೆದಿರಬೇಕು ಎಂದಳು. ಇನ್ನೊಬ್ಬಳು, ಬಾಯಿಗೆ ನೀರು ಬಿಟ್ಟಿರಬೇಕು ಎಂದಳು. ಸಂಗವ್ವ ಇಬ್ಬರನ್ನೂ ನೋಡಿದಳು. “ನಾಯಿ ಮುಂದ ಹಾಲಿನ ಬಟ್ಟಲಾ ಇಟ್ರು,” ಎಂದಳು.

ನಾಯಿ ಕುಡಿಯಲಿಲ್ಲ. ಮಲಕಾಜಪ್ಪನ ಮಣ್ಣಾಯಿತು, ಸಂಗವ್ವ ಬಂದಳು, ಬಂದ ದಿನವೂ ಅದು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ನಂದಾದೀಪದಲ್ಲಿ ಯಾವ ಮನೆಯಲ್ಲೂ ಒಗ್ಗರಣೆಯ ಸದ್ದಿಲ್ಲ. ಎದುರಿನ ಬಯಲಲ್ಲಿ ತಗಡಿನ ಸೂರೂ ಇಲ್ಲದೆ ಚಹಾ ಕಾಯಿಸುವವನ ಮುಂದೆ ಸಾಹೇಬರೂ ಸಾಲಿನಲ್ಲಿ ನಿಂತರು. ಅಣ್ಣನ ಹೆಣ ಹೊರುವಾಗ ಹೆಗಲು ಕೊಡಲು ಆ ಕಟ್ಟಡದಿಂದ ಇಳಿದು ಬಂದವರು ಇಬ್ಬರು. ಉಳಿದವರು ಅವನು ದುಡಿಯುತ್ತಿದ್ದ ಬಸ್ ವರ್ಕ್‌ಶಾಪಿನ ಹುಡುಗರು. ಈಗ ನೋಡಿದರೆ, ಸಂಗವ್ವನ ಬಾಗಿಲಿಗೆ ಜಾತ್ರೆ ನೆರೆದಿತ್ತು. ಒಬ್ಬರು ಖಾನಾವಳಿಯಿಂದ ಮಟನ್ ಸಾರು ತಂದರು. ಒಬ್ಬರು ತುಪ್ಪ ಸವರಿದ ಚಪಾತಿ ತಂದರು. ಅಸೋಸಿಯೇಷನ್ನಿನ ಅಧ್ಯಕ್ಷ ಹಂಚಿನಾಳ ಸಾಹೇಬರು ಸತ್ತವನ ಬಣ್ಣ ಮೆತ್ತಿದ ಅಂಗಿಯನ್ನು ಕೇಳಿ ಪಡೆದು, ತೊಟ್ಟುಕೊಂಡು, ಮಲಕಾಜಪ್ಪನಂತೆ ಕೆಮ್ಮುತ್ತ ಮೆಟ್ಟಿಲು ಹತ್ತಿ ಬಂದರು. ನಾಯಿ ಕಿವಿ ನೆಟ್ಟಗೆ ಮಾಡಿತು, ಎದ್ದು ನಿಂತಿತು, ಅಂಗಿಯೊಳಗಿನ ಮುಖ ನೋಡಿ ಮತ್ತೆ ಮಲಗಿತು. ಸಂಗವ್ವ ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡಳು. “ಆ ಕೆಮ್ಮು ಇವರಿಗೆ ಹೆಂಗ ಬರತಿತ್ತರೀ?” ಎಂದು ನಮ್ಮನ್ನೇ ಕೇಳಿದಳು. “ಕೇಳಿದವರಿಗೇ ಬರಬೇಕಲ್ಲ. ಗ್ವಾಡಿಗೆ ಕಿವಿ ಇಟ್ಟು ಕೇಳ್ಯಾರ. ಒಳಗ ಬಂದು ನೋಡಿಲ್ಲ.”

ಬಂದವರೆಲ್ಲ ತಟ್ಟೆಯನ್ನು ಇಟ್ಟು, ಬೋರ್ಡಿನಲ್ಲಿ ಬರೆದಂತೆ ಹಿಂದಕ್ಕೆ ಸರಿದು, ಬಾಯಿ ಬಿಗಿಹಿಡಿದು ದೂರ ನಿಲ್ಲುತ್ತಿದ್ದರು. ನಾಯಿ ತಟ್ಟೆಯನ್ನೂ ಅವರನ್ನೂ ನೋಡುತ್ತಿತ್ತು. ಅದನ್ನು ಗೇಟಿನಾಚೆ ಬಿಟ್ಟು ನೋಡಿದರು. ಅದು ಸೂರಿನಿಂದ ಹೊರಗಿದ್ದಷ್ಟು ಹೊತ್ತು ಒಲೆಗಳು ಹೊತ್ತಿದವು. ಅನ್ನಕ್ಕೆ ಕುದಿ ಬರುವಷ್ಟರಲ್ಲಿ ನಾಯಿ ಎರಡನೆಯ ಮಹಡಿಯ ಹೊಸಿಲಿಗೆ ಬಂದು ಮಲಗಿತ್ತು. ಅರೆಬೆಂದ ಅನ್ನದ ಪಾತ್ರೆ ಹಿಡಿದ ಹೆಂಗಸರು ಬಾಲ್ಕನಿಯಿಂದ ಬೈದದ್ದು ನಾಯಿಯನ್ನಲ್ಲ, ಸಂಗವ್ವನನ್ನು.

ಕೊನೆಗೆ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಕರೆದರು. ಮುಂಜಾನೆಯ ಬಿಸಿಲು ಕಾರುಗಳ ಮೇಲೆ ಬಿದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ ಎಲ್ಲರೂ ಕುಳಿತರು. ಸಂಗವ್ವನಿಗೆ ಕುರ್ಚಿ ಇರಲಿಲ್ಲ. ಅವಳು ಕಂಬಕ್ಕೆ ಒರಗಿ ನಿಂತಳು, ಢೋಲ್ಯಾ ಅವಳ ಕಾಲ ಬಳಿ ಬಿದ್ದುಕೊಂಡಿತು. ಪಕ್ಕೆಲುಬು ಕಾಣುತ್ತಿದ್ದವು. ಹಂಚಿನಾಳ ಸಾಹೇಬರು ಎದ್ದು, ನಾಯಿಯನ್ನು ಗಾಡಿಯಲ್ಲಿ ಹಾಕಿ ಕಲ್ಲುಗಣಿಯ ಆಚೆ ಬಿಟ್ಟು ಬರುವುದೆಂದು ಠರಾವು ಓದಿದರು. ಗಾಡಿ ಆಗಲೇ ಗೇಟಿನಲ್ಲಿ ನಿಂತಿತ್ತು.

“ಗಣಿಯಾಗ ಬಿಟ್ರ ಅದು ಸಾಯ್ತದರೀ,” ಎಂದಳು ಸಂಗವ್ವ. “ನಾ ಕರಕೊಂಡು ಹೊಂಟೇ ಹೊಂಟೇನಿ. ಉಪವಾಸದಾಗ ಎದ್ದು ನಡ್ಯಾಕ ಆಗವಲ್ದು ಅದಕ್ಕ. ಒಂದು ತುತ್ತರ ಹೊಟ್ಟಿಗೆ ಹೋಗಲಿ, ಬಸ್ಸಿನ್ಯಾಗ ಹಾಕ್ಕೊಂಡು ಹೊಕ್ಕೀನಿ.”

“ತುತ್ತು ಹೋದ್ರ ನಮಗೇನು ತಕರಾರು ಐತಿ?” ಎಂದರು ಸಾಹೇಬರು. “ಹೋಗವಲ್ದು, ಅದಕ್ಕ ಸಭಾ. ನೋಡವ್ವಾ, ನಿನ್ನ ದುಃಖ ನಮಗೂ ತಿಳೀತದ. ಆದ್ರ ಇಲ್ಲಿ ಸಣ್ಣ ಹುಡುಗ್ರು ಅದಾವು, ವಯಸ್ಸಾದವರು ಅದಾರ. ಒಂದು ಪ್ರಾಣಿ ಸಲುವಾಗಿ ಇಷ್ಟು ಮಂದಿ ಉಪವಾಸ ಇರೂದು ಯಾವ ನ್ಯಾಯ?”

“ನಮ್ಮಣ್ಣ ಉಪವಾಸ ಇದ್ದನೋ, ಉಂಡಿದ್ದನೋ? ಅದನ್ನಷ್ಟ ಹೇಳ್ರಿ ಯಾರರ. ಬಂದಾಗಿಂದ ಕೇಳಾಕತ್ತೀನಿ. ಅವನ ಡಬ್ಬಿಯೊಳಗ ಹಿಟ್ಟಿಲ್ಲ, ಬ್ಯಾಳಿ ಇಲ್ಲ. ನಾ ಕಳಿಸಿದ ಕಡಕ್ ರೊಟ್ಟಿ ಬುಟ್ಟಿ ತಳಾ ಕಂಡದ. ಎಷ್ಟು ದಿನ ಜ್ವರದಾಗ ಮಲಗಿದ್ದ? ಯಾರು ನೋಡ್ಯಾರ?”

ಯಾರೂ ನೋಡಿರಲಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ. ಮಲಕಾಜಪ್ಪನ ಮನೆಯ ಪ್ರಾಣಿ ಬೋರ್ಡಿನಲ್ಲಿ ಬರೆದ ಹೊತ್ತಿಗೆ ತಪ್ಪದೆ ಉಣ್ಣುತ್ತಿತ್ತು. ಒಲೆಗಳು ತಪ್ಪದೆ ಹೊತ್ತುತ್ತಿದ್ದವು. ಆಗ ಅವನ ಎದುರುಮನೆಯ ಇಂದುಮತಿಬಾಯಿ, ಎರಡು ಬೆಕ್ಕು ಸಾಕಿದ್ದ ಮೃದು ಸ್ವಭಾವದ ಹೆಂಗಸು, ಕುರ್ಚಿಯಿಂದ ಅರೆ ಎದ್ದು, ಸಹಾಯ ಮಾಡುವ ದನಿಯಲ್ಲೇ ಹೇಳಿದಳು: “ನಾ ನೋಡೀನಿ ಸಂಗವ್ವಾ. ಒಂದಿನ ಬಾಗಲಾ ಹಿಡಕೊಂಡು ನಿಂತಿದ್ರು. ಬಾಯಾರೇ, ನಿಮ್ಮನ್ಯಾಗ ಇವತ್ತ ಗಂಜಿ ಮಾಡೀರೇನು, ಅಂತ ಕೇಳಿದ್ರು. ಯಾಕ್ರೀ, ಢೋಲ್ಯಾ ಉಂಡಿಲ್ಲೇನು, ಅಂದೆ. ನನಗ ಗಾಬರಿನ ಆತು. ಇಲ್ಲ ಇಲ್ಲ, ಅದು ಉಂಡದ, ಅಂದ್ರು. ಹಂಗಾರ ಛಲೋ ಆತು ಬಿಡ್ರಿ, ಅಂತ ನಾ ಬಾಗಲಾ ಹಾಕ್ಕೊಂಡೆ.”

ಸಂಗವ್ವ ಇಷ್ಟನ್ನು ಹೇಳಿದಾಗ ನಾನು ಬರೆಯುವುದನ್ನು ನಿಲ್ಲಿಸಿದೆ. ಊರೂರು ತಿರುಗಿ ಕಥೆ ಕೇಳಿದವನು ನಾನು. ರಾಕ್ಷಸಿಯರು ಮಕ್ಕಳನ್ನು ನುಂಗಿದ್ದನ್ನು, ಮಲತಾಯಿಯರು ಅನ್ನಕ್ಕೆ ವಿಷ ಬೆರೆಸಿದ್ದನ್ನು ಕೇಳಿದ್ದೇನೆ. ಅವರಿಗೆ ಕನಿಷ್ಠ ತಾವೇನು ಮಾಡುತ್ತಿದ್ದೇವೆಂಬುದು ಗೊತ್ತಿರುತ್ತದೆ. ಇಂದುಮತಿಬಾಯಿಗೆ ಆ ಸಭೆಯಲ್ಲಿ ಮಾತು ಮುಗಿಸಿ ಕುಳಿತಾಗಲೂ ಗೊತ್ತಿರಲಿಲ್ಲ. ಕುಳಿತಿದ್ದ ಅಷ್ಟು ಜನರಲ್ಲಿ ಅವಳ ಕಡೆ ತಿರುಗಿ ನೋಡಿದವರೂ ಇರಲಿಲ್ಲ. ನಾಯಿ ಉಂಡಿದ್ದ ಮೇಲೆ ಕೇಳುವುದೇನು ಉಳಿಯಿತು? ಒಂದು ಮುಂಜಾನೆ ಮಲಕಾಜಪ್ಪ ತನ್ನ ನಾಯಿಯನ್ನು ಉಪವಾಸ ಕೆಡವಿದ್ದರೆ ಇಡೀ ನಂದಾದೀಪ ಅವನ ಬಾಗಿಲು ಮುರಿಯುತ್ತಿತ್ತು, ಅವನು ಬದುಕುತ್ತಿದ್ದ. ಕಟ್ಟಡಕ್ಕೆ ತೊಂದರೆಯಾಗಬಾರದೆಂದು, ಏಳಲಾಗದ ಜ್ವರದಲ್ಲೂ ತಾನೇ ಬರೆದ ಹೊತ್ತನ್ನು ತಾನೇ ಪಾಲಿಸಿ, ಇದ್ದ ರೊಟ್ಟಿಯನ್ನು ನಾಯಿಗೆ ಮುರಿದಿಟ್ಟು, ಅವನು ಸತ್ತ.

ಸಂಗವ್ವ ಕಂಬ ಬಿಟ್ಟು ಮುಂದೆ ಬಂದಳಂತೆ. ಕುರ್ಚಿಗಳ ನಡುವಿನ ಬರಿಯ ನೆಲದ ಮೇಲೆ ಕಾಲು ಮಡಚಿ ಕುಳಿತಳು. ಊರಿನಿಂದ ಬರುವಾಗ ಕಟ್ಟಿಕೊಂಡು ಬಂದ ಬುತ್ತಿ ಅವಳ ಮಡಿಲಲ್ಲಿತ್ತು. ಬಂದಾಗಿನಿಂದ ಅವಳ ಗಂಟಲಲ್ಲಿ ಏನೂ ಇಳಿದಿರಲಿಲ್ಲ. ಗಂಟು ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. “ಆತು,” ಎಂದಳು, “ಈ ಮನ್ಯಾಗ ನಮ್ಮಣ್ಣ ಉಣ್ಣಲಿಲ್ಲ. ನಾ ಉಣ್ತೀನಿ. ಎಲ್ಲಾರೂ ಕಣ್ಣಗಲಿಸಿ ನೋಡ್ರಿ, ಮನುಷ್ಯಾರು ಹೆಂಗ ಉಣ್ತಾರ ಅಂತ.” ರೊಟ್ಟಿ ಮುರಿದು ಬಾಯಿಗಿಟ್ಟು ಕಟಕಟ ಅಗಿದಳು.

ಹೆಂಗಸರು ಕಿವಿ ಮುಚ್ಚಿಕೊಂಡರಂತೆ. “ಪ್ರಾಣಿ ಮುಂದ! ಒಲಿ ಹತ್ತದ ಮನ್ಯಾಗ!” ಎಂದು ಯಾರೋ ಚೀರಿದರು. “ಯವ್ವಾ, ಉಗುಳು, ಉಗುಳು,” ಎಂದಳು ಇಂದುಮತಿಬಾಯಿ. ಹಂಚಿನಾಳ ಸಾಹೇಬರು ಮುಖ ಆಚೆ ತಿರುಗಿಸಿ, “ಮೊದಲು ಆ ಗಾಡಿ ಒಳಗ ತಗೋರಿ,” ಎಂದು ಕೂಗಿದರು. ಆಗ ಢೋಲ್ಯಾ ಎದ್ದಿತು. ಮುಂಗಾಲು ನಡುಗುತ್ತಿದ್ದವು. ಸಂಗವ್ವನ ಬಾಯಿಯನ್ನೇ ನೋಡುತ್ತ ಬಂದು ಅವಳ ಮಂಡಿಗೆ ಮಂಡಿ ತಾಗುವಂತೆ ಕುಳಿತಿತು. ಅವಳು ನುಂಗುವವರೆಗೆ ಕಾಯಿತು. ನುಂಗಿದ ಮೇಲೆ ಅವಳ ಕೈಯಲ್ಲಿ ಉಳಿದ ಅರ್ಧ ರೊಟ್ಟಿಯನ್ನು ಮೆಲ್ಲಗೆ ಕಚ್ಚಿಕೊಂಡು ಉಂಡಿತು.

ಅದಕ್ಕೆ ಬೇಕಿದ್ದದ್ದು ಇಷ್ಟೇ. ಬಾಗಿಲು ಹಾಕಿದ ಮನೆಯಲ್ಲಿ ಮಲಕಾಜಪ್ಪ ದಿನವೂ ನಾಯಿಯ ಮುಂದೆ ಕುಳಿತು, ಮೊದಲ ತುತ್ತು ತಾನುಂಡು, ಎರಡನೆಯದನ್ನು ಅದಕ್ಕೆ ಕೊಡುತ್ತಿದ್ದ. ಜ್ವರದಲ್ಲೂ ಆ ಒಂದು ತುತ್ತಷ್ಟನ್ನು ತಪ್ಪಿಸಿರಲಾರ. ಊರಿಗೆ ತಿಳಿದರೆ ಬಹಿಷ್ಕಾರ ಹಾಕುವಂಥ ತಪ್ಪು ಅದು. ಜೊತೆಗೆ ಉಣ್ಣುವವರಿಲ್ಲದೆ ಉಂಡು ಆ ನಾಯಿಗೆ ರೂಢಿಯೇ ಇರಲಿಲ್ಲ. ಮಟನ್ ಸಾರು ತಂದ ಇಷ್ಟು ಜನರಲ್ಲಿ ಒಬ್ಬರಿಗಾದರೂ ಒಂದು ತುತ್ತು ತಾವು ಬಾಯಿಗಿಟ್ಟುಕೊಳ್ಳೋಣ ಎಂದು ತೋಚಿರಲಿಲ್ಲ. ಆ ಊರಿನವರಿಗೆ ಅದು ತೋಚುವುದು ಸಾಧ್ಯವೂ ಇರಲಿಲ್ಲ.

ಸಂಗವ್ವ ನಾಯಿಯ ತಲೆಯ ಮೇಲೆ ಕೈಯಿಟ್ಟು ಹೇಳಲು ಶುರುಮಾಡಿದಳು. ತನ್ನ ಅಣ್ಣ ಎಂಥವನು, ತಮ್ಮಿಬ್ಬರನ್ನೂ ಬೆಳೆಸಿದ ಅವ್ವ ತೀರಿಕೊಂಡಾಗ ಅವನು ತನ್ನನ್ನು ಹೇಗೆ ನೋಡಿಕೊಂಡ, ಕೊನೆಯ ಸಲ ಊರಿಗೆ ಬಂದಾಗ ಏನೆಂದ. “ಕೇಳ್ರಿ,” ಎಂದಳು, “ಒಂದು ಮಾತು ಕೇಳ್ರಿ, ಅಂವಾ—” ಅಷ್ಟರಲ್ಲಿ ನಾಲ್ಕನೆಯ ಮಹಡಿಯಿಂದ ಒಂದು ದನಿ ಬಂತು: “ಹತ್ತಿತೂ! ಒಲಿ ಹತ್ತಿತೂ!” ಕುರ್ಚಿಗಳು ಉರುಳಿದವು. ಲಿಫ್ಟಿಗೆ ಕಾಯದೆ ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ನೂಕಿಕೊಂಡು ಹತ್ತಿದರು. ಹಾಲು ಕಾಯಿಸಲು, ಅಕ್ಕಿ ತೊಳೆಯಲು, ಕುಕ್ಕರ್ ಏರಿಸಲು. ಕ್ಷಣದಲ್ಲಿ ಆ ಜಾಗದಲ್ಲಿ ಸಂಗವ್ವ, ನಾಯಿ, ಬಿದ್ದ ಕುರ್ಚಿಗಳು, ಇವಿಷ್ಟೇ ಉಳಿದವು. ಮೇಲಿನಿಂದ ಒಗ್ಗರಣೆಯ ವಾಸನೆ ಇಳಿದು ಬಂತು. ಅವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಆ ಮಾತು ಏನಿತ್ತೆಂದು ನಮ್ಮ ಗುಂಪಿನಲ್ಲಿ ಒಬ್ಬಳು ಕೇಳಿದಾಗ, “ಅವತ್ತ ಕೇಳಬೇಕಾದವರು ಕೇಳಲಿಲ್ಲ, ಈಗ ಯಾಕವ್ವಾ?” ಎಂದಳು.

ಸ್ವಲ್ಪ ಹೊತ್ತಿನಲ್ಲಿ ಹಂಚಿನಾಳ ಸಾಹೇಬರು ಒಬ್ಬರೇ ಇಳಿದು ಬಂದರು. ಒಂದು ಕೈಯಲ್ಲಿ ಬಿಸಿ ಚಹಾದ ಕಪ್ಪು, ಇನ್ನೊಂದರಲ್ಲಿ ಬಣ್ಣದ ಡಬ್ಬಿ, ಕುಂಚ. ಚಹಾ ತನಗೆ ತಂದಿದ್ದಾರೇನೋ ಎಂದುಕೊಂಡು ಸಂಗವ್ವ ಸೆರಗು ಸರಿಮಾಡಿಕೊಂಡಳು. ಅವರು ನಿಂತಲ್ಲೇ ಒಂದು ಗುಟುಕು ಹೀರಿದರು.

“ಸಂಗವ್ವಾ, ಗಾಡಿ ವಾಪಸ್ ಕಳಿಸೀನಿ,” ಎಂದರು. “ಠರಾವೂ ರದ್ದು. ನೀನೂ ಊರಿಗೆ ಹೋಗೂದು ಬ್ಯಾಡ. ಅಣ್ಣನ ಮನ್ಯಾಗ ಆರಾಮ ಇರು. ಒಂದ ಮಾಡು, ದಿನಾ ಮುಂಜಾನಿ ಢೋಲ್ಯಾನ ಹೊತ್ತಿಗೆ ಸರಿಯಾಗಿ ನೀನೂ ಅದರ ಮುಂದ ಕುಂತು ಉಣ್ಣು. ಬೇಕಾದ್ರ ಬಾಗಲಾ ಹಾಕ್ಕೋ, ಮಂದಿಗೆ ಕಾಣಬಾರದು. ಮರೀಬಾರದು ಅಂತ ನಿನ್ನ ಹೆಸರು ಬೋರ್ಡಿನ್ಯಾಗ ಸೇರಿಸಾಕತ್ತೀವಿ.” ಹೇಳಿ, ಮೆಟ್ಟಿಲ ಬುಡಕ್ಕೆ ಹೋಗಿ, ಢೋಲ್ಯಾನ ಸಾಲಿನ ಕೆಳಗೆ, ಇಂದುಮತಿಬಾಯಿಯ ಬೆಕ್ಕುಗಳ ಮೇಲೆ, ಇಕ್ಕಟ್ಟಾದ ಜಾಗದಲ್ಲಿ ಕುಂಚ ಊರಿದರು.

“ಸಾಹೇಬ್ರ,” ಎಂದಳು ಸಂಗವ್ವ, “ಆ ಬೋರ್ಡಿನ್ಯಾಗ ನಮ್ಮಣ್ಣನ ಹೆಸರು ಎಲ್ಲಿ ಐತಿ?”

ಸಾಹೇಬರು ತಿರುಗಿ, “ಅದು ಪ್ರಾಣಿಗೋಳ ಬೋರ್ಡ್ ಅಲ್ಲೇನವ್ವಾ?” ಎಂದರು.

ಸಂಗವ್ವ ಬುತ್ತಿಯ ಗಂಟು ಕಟ್ಟಿದಳು. ಅವರ ಕೈಯಿಂದ ಕುಂಚ ಕಿತ್ತುಕೊಂಡು, ಬಣ್ಣದ ಡಬ್ಬಿಯಲ್ಲಿ ಅದ್ದಿ, ಬರೆದಿದ್ದ ‘ಸಂ’ ಎಂಬ ಅಕ್ಷರದ ಮೇಲೆ ಎಳೆದು ಅಳಿಸಿದಳು. ಅಳಿಸಿ, ಕುಂಚವನ್ನು ಅವರ ಚಹಾದ ಕಪ್ಪಿನಲ್ಲಿ ಇಟ್ಟಳು. ನಾಯಿಯನ್ನು ಹೆಗಲಿಗೆ ಹಾಕಿಕೊಂಡು ಗೇಟು ದಾಟಿದಳು. ಆ ಊರಿನದೇ ಕೆರೆಯ ಆಚೆ, ಒಂದೇ ಒಲೆಯ ಒಂಟಿ ಮನೆಯೊಂದನ್ನು ಹಿಡಿದು ಇಂದಿಗೂ ಅಲ್ಲೇ ಇದ್ದಾಳೆ. ಬಾಣಂತಿಯರ ಮನೆಗಳಿಗೆ ಎಣ್ಣೆ ನೀರಿಗೆ ಹೋಗುತ್ತಾಳೆ. ಮುಂಜಾನೆ ಅವಳು, ಢೋಲ್ಯಾ, ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಾರೆ. ಬಾಗಿಲು ಹಾಕುವುದಿಲ್ಲ.

ಈ ಕಥೆಯನ್ನು ಬೇರೆ ಕಡೆ ಹೇಳುವವರು, ಅವಳು ಗೇಟು ದಾಟಿದೊಡನೆ ನಂದಾದೀಪದ ಒಲೆಗಳೆಲ್ಲ ಆರಿದವು, ಮತ್ತೆಂದೂ ಹೊತ್ತಲಿಲ್ಲ, ಎನ್ನುತ್ತಾರೆ. ಇನ್ನೊಬ್ಬಾಕೆ, ಇಂದುಮತಿಬಾಯಿ ಗಂಜಿಯ ಪಾತ್ರೆ ಹಿಡಿದು ಹಿಂದೆ ಓಡಿಬಂದಳು, ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಹಾಗೆಲ್ಲ ಆಗಲಿಲ್ಲ. ನಾನು ಸಂಗವ್ವನನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ನಾಯಿ ಸೂರಿನಿಂದ ಹೊರಗೆ ಹೋಯಿತು. ಉಳಿದ ಪ್ರಾಣಿಗಳು ಉಂಡಿದ್ದವು. ಒಲೆಗಳು ಚೆನ್ನಾಗಿಯೇ ಉರಿದವು. ಮರುದಿನವೂ ಉರಿದವು. ಆ ಊರಿನ ಬೆಂಕಿಗೆ ನಾಯಿಯ ಹಸಿವು ತಿಳಿಯುತ್ತದೆ, ಗಿಳಿಯ ಹಸಿವು ತಿಳಿಯುತ್ತದೆ, ಹೆಸರಿಟ್ಟರೆ ಹಲ್ಲಿಯ ಹಸಿವೂ ತಿಳಿಯುತ್ತದೆ. ಅಷ್ಟು ಮಾತ್ರ ತಿಳಿಯುತ್ತದೆ. ಸಿಹಿ ಬೆರೆಸುವವರಿಗೆ ಇದನ್ನು ಇದ್ದ ಹಾಗೆ ಹೇಳುವ ಧೈರ್ಯ ಸಾಲದು.

ಸಂಗವ್ವ ಮುಗಿಸಿದಾಗ, ಕೇಳುತ್ತಿದ್ದ ಹೆಂಗಸರ ಪೈಕಿ ಮುತ್ತಿನ ಓಲೆಯ ಒಬ್ಬಾಕೆ, “ಎಂಥಾ ಮಂದಿನೋ ಏನೋ! ನಮ್ಮ ಬಿಲ್ಡಿಂಗಿನ್ಯಾಗ ಹಂಗಿಲ್ಲ ಬಿಡವ್ವಾ. ನಮ್ಮವರು ಭಾಳ ಛಲೋ ಮಂದಿ,” ಎಂದಳು. ಉಳಿದವರು ಹೌದೆಂದು ತಲೆಯಾಡಿಸಿದರು.

“ಹೌದೇನು? ಇವತ್ತ ನಿಮ್ಮಲ್ಲಿ ಯಾರ ಯಾರ ಮನ್ಯಾಗ ಏನೇನು ಉಂಡಾವು?” ಎಂದು ಸಂಗವ್ವ ಕೇಳಿದಳು.

ಅವರು ಹುರುಪಿನಿಂದ ಹೇಳಿದರು. ಮೇಲಿನ ಮನೆಯ ಮೊಲ ಮೂಲಂಗಿ ಸೊಪ್ಪು ತಿಂದಿತ್ತು. ಮೂಲೆಮನೆಯ ಪಮೇರಿಯನ್ ಮೊದಲು ಮುನಿಸಿಕೊಂಡು, ಆಮೇಲೆ ಮೊಸರನ್ನ ತಿಂದಿತ್ತು. ಗಿಳಿ ಪೇರಲ ಹಣ್ಣನ್ನು ಕೆಡವಿ ಮೆಣಸಿನಕಾಯಿ ಕೇಳಿತ್ತು. ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳು ಸೇರಿಸಿದಳು. ಒಂದು ಮೀನೂ ತಪ್ಪಲಿಲ್ಲ.

“ಮನುಷ್ಯಾರು?” ಎಂದಳು ಸಂಗವ್ವ.

ಮುತ್ತಿನ ಓಲೆಯಾಕೆ ಮೊಣಕಾಲ ಮೇಲಿನ ಧೂಳು ಝಾಡಿಸಿಕೊಂಡು, ನೀರು ಬಿಡುವ ಹೊತ್ತಾಯಿತು ಎಂದು ಎದ್ದಳು. ಇನ್ನೊಬ್ಬಳು, ಹಪ್ಪಳ ಬಿಸಿಲಲ್ಲಿವೆ ಎಂದಳು. ಹಾಸಿದ ಚಾಪೆಯನ್ನು ಯಾರೋ ಸುತ್ತಿಕೊಂಡರು. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೋದರು. ನಾನು ಕೆಳಗೆ ನಿಂತು ಮೇಲಿನವರೆಗೆ ನೋಡಿದೆ. ಬಾಗಿಲುಗಳು ತೆರೆದವು, ಮುಚ್ಚಿದವು. ತನ್ನದಲ್ಲದ ಬಾಗಿಲ ಮುಂದೆ ಒಬ್ಬಳೂ ನಿಲ್ಲಲಿಲ್ಲ.